ರೊಕ್ಕದ ಬಸ್ ಟಿಕೇಟು

ನಮ್ಮ ರೊಕ್ಕ ಪ್ರತಿ ವಾರ ನಿಪ್ಪಾಣಿಯಿಂದ ಮುಂಬೈಗೆ ಹೋಗಿ ಬರುತ್ತಿತ್ತು. ಹೋಗಿಬರುವ ಖರ್ಚು ಇಪ್ಪತ್ತು ರೂಪಾಯಿ. ತಲೆಗೆ ಇಪ್ಪತ್ತು. ನಮ್ಮ ಗಲ್ಲಿಯ ಹದಿನೆಂಟು ಹೆಂಗಸರು ಒಂದೂವರೆ ವರ್ಷ ಕೊಟ್ಟೆವು. ನಗಬೇಡಿ. ನಿಮ್ಮ ಫೋನಿನಿಂದ ಇನ್ನೊಬ್ಬರ ಫೋನಿಗೆ ರೊಕ್ಕ ಹೇಗೆ ಹೋಗುತ್ತದೆ ಎಂದು ನಿಮ್ಮನ್ನು ನಿಲ್ಲಿಸಿ ಕೇಳಿದರೆ ನೀವೂ ತಲೆ ಕೆರೆದುಕೊಳ್ಳುತ್ತೀರಿ.

ನಾನು ತೃಪ್ತಿ. ಏಳನೇ ಇಯತ್ತೆವರೆಗೆ ಓದಿದ್ದೇನೆ. ಬೀಡಿ ಕಟ್ಟುವ ನಮ್ಮ ಗಲ್ಲಿಯಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಹಾಗಾಗಿ ಎಲ್ಲರ ಕಾಗದ ಓದುವ ಕೆಲಸ ನನ್ನದು, ಎಲ್ಲರ ಕೆಲಸ ಕೆಡಿಸುವ ಅಧಿಕಾರವೂ ನನ್ನದೇ. ಹೇಗೆ ಕೆಡಿಸಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಬೀಡಿ ಕೆಲಸ ನಿಮಗೆ ಗೊತ್ತಿರಲಿಕ್ಕಿಲ್ಲ. ಎಲೆ ನೆನೆಸಬೇಕು. ತಗಡಿನ ಅಳತೆ ಇಟ್ಟು ಒಂದೊಂದೇ ಎಲೆ ಕತ್ತರಿಸಬೇಕು. ಮರವನ್ನು, ಅಂದರೆ ಕಾಳು ಕೇರುವ ಮೊರವನ್ನು, ತೊಡೆಯ ಮೇಲೆ ಇಟ್ಟುಕೊಂಡು, ಬೆನ್ನು ಬಗ್ಗಿಸಿ, ಚಿಟಿಕೆ ತಂಬಾಕು ಹಾಕಿ ಸುತ್ತಬೇಕು, ಬಾಯಿ ಮಡಚಬೇಕು, ದಾರ ಕಟ್ಟಬೇಕು. ಸಾವಿರ ಬೀಡಿ ಆದರೆ ಒಂದು ದಿನದ ಕೂಲಿ. ಒಂಬೈನೂರ ತೊಂಬತ್ತು ಆದರೆ ಮುನಶಿಯ ಮುಖ ಗಂಟಾಗುತ್ತದೆ. ಮೊಣಕಾಲು ಮಡಚಿದ್ದು ಮಡಚಿದ ಹಾಗೇ ನಿಲ್ಲುತ್ತದೆ. ರೊಟ್ಟಿ ತಿಂದರೂ ಬಾಯಲ್ಲಿ ತಂಬಾಕಿನ ಕಹಿ. ಎಲೆ ಉಜ್ಜಿ ಉಜ್ಜಿ ಬೆರಳಿನ ಗೆರೆಗಳೆಲ್ಲ ಅಳಿಸಿಹೋಗುತ್ತವೆ.

ಮುನಶಿಯ ಹೆಸರು ಕಾಮಣ್ಣ. ಕಂಪನಿಯ ಎಲೆ, ತಂಬಾಕು, ದಾರ ನಮಗೆ ಕೊಡುವವನು ಅವನು. ಸಂಜೆ ಬೀಡಿ ಎಣಿಸಿಕೊಳ್ಳುವವನೂ ಅವನೇ. ಮಾತು ಬೆಲ್ಲ. ಒಬ್ಬರಿಗೂ ಬೈದವನಲ್ಲ. ಆಯಿ, ಅವ್ವಾ, ತಂಗೀ ಎನ್ನುತ್ತಲೇ ಚಹಾ ಕುಡಿಸಿ, ಆಮೇಲೆ ಹತ್ತಿಪ್ಪತ್ತು ಬೀಡಿ ಕೆಟ್ಟಿವೆ ಎಂದು ತೆಗೆದು ತನ್ನ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದ. ಆ ಕೆಟ್ಟ ಬೀಡಿಗಳು ಎಲ್ಲಿ ಹೋಗುತ್ತಿದ್ದವೋ, ಯಾರು ಸೇದುತ್ತಿದ್ದರೋ, ದೇವರೇ ಬಲ್ಲ. ನಾವಂತೂ ಕೇಳಲಿಲ್ಲ.

ಕೂಲಿ ಇನ್ನು ಬ್ಯಾಂಕಿಗೇ ಬೀಳಬೇಕು ಎಂದು ಕಂಪನಿಗೆ ಮೇಲಿನಿಂದ ಹುಕುಂ ಬಂತು. ಮೊದಲು ಕಾಮಣ್ಣ ಒಂದು ಸಣ್ಣ ಮಶೀನು ತಂದ. ಅದರ ಮೇಲೆ ಹೆಬ್ಬೆಟ್ಟು ಇಟ್ಟರೆ ನೀನು ಯಾರೆಂದು ಅದಕ್ಕೆ ಗೊತ್ತಾಗುತ್ತದಂತೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಸುಂದರಾ ಆಯಿ. ಅರವತ್ತು ದಾಟಿದ್ದಾಳೆ. ಹನ್ನೊಂದನೇ ವಯಸ್ಸಿಗೆ ಮರ ಹಿಡಿದವಳು ಇನ್ನೂ ಬಿಟ್ಟಿಲ್ಲ. ಅವಳು ಮೊದಲು ಹೆಬ್ಬೆಟ್ಟು ಇಟ್ಟಳು. ಕೆಂಪು ದೀಪ. ಸೋಪು ಹಚ್ಚಿ ತೊಳಿ ಎಂದ. ತೊಳೆದಳು. ಕೆಂಪು ದೀಪ. ತಲೆಗೆ ಒರೆಸು ಎಂದ. ಒರೆಸಿದಳು. ಕಡೆಗೆ ಕಟ್ಟೆಯ ಕಲ್ಲಿಗೆ ಉಜ್ಜು ಎಂದ. ಮುದುಕಿ ಕುಕ್ಕರಗಾಲಲ್ಲಿ ಕುಳಿತು ತನ್ನ ಹೆಬ್ಬೆರಳನ್ನು ಕಲ್ಲಿಗೆ ಉಜ್ಜಿದಳು. ಕೆಂಪು ದೀಪವೇ.

"ಆಯಿ, ನಿನ್ನ ಹೆಬ್ಬಟ್ಟಿನ್ಯಾಗ ನೀ ಇಲ್ಲೇ ಇಲ್ಲ ಅಂತೈತಿ ಮಶೀನು" ಎಂದು ಕಾಮಣ್ಣ ನಕ್ಕ.

ನಾವೂ ನಕ್ಕೆವು. ಆಮೇಲೆ ನಮ್ಮ ಪಾಳಿ ಬಂತು. ನಾವೂ ಯಾರೂ ಇರಲಿಲ್ಲ.

ಅದಕ್ಕೇ ಕಾರ್ಡು ಬಂದವು. ಸಮಾಜ ಮಂದಿರದಲ್ಲಿ ಬ್ಯಾಂಕಿನವರು ಬಂದು ಕೂತರು. ರಾಜಮತಿ ಮೇಡಂ ಎಂದು ಒಬ್ಬರು, ಸಣ್ಣ ದನಿಯವರು. ಇದು ನಮ್ಮ ದೇಶದ್ದೇ ಕಾರ್ಡು, ರುಪೇ ಅಂತ ಹೆಸರು, ದೇಶದ ಯಾವ ಮಶೀನಿಗೆ ಹಾಕಿದರೂ ನಡೆಯುತ್ತದೆ, ಮರೆಯಲಾರದಂಥ ನಾಲ್ಕು ಅಂಕಿ ಆರಿಸಿಕೊಳ್ಳಿ, ಯಾರಿಗೂ ಹೇಳಬೇಡಿ ಎಂದರು. ಹದಿನೇಳು ತಲೆಗಳು ನನ್ನ ಕಡೆ ತಿರುಗಿದವು. ಓದಿದವಳಲ್ಲವೇ ನಾನು. ಎರಡು ನಿಮಿಷ ವಿಚಾರ ಮಾಡಿದೆ. ನಾವು ಸತ್ತರೂ ಮರೆಯಲಾರದ ನಾಲ್ಕು ಅಂಕಿ ಯಾವುವು?

ಸಾವಿರ. ಒಂದರ ಮುಂದೆ ಮೂರು ಸೊನ್ನೆ. ಹದಿನೆಂಟೂ ಜನ ಅದನ್ನೇ ಇಟ್ಟೆವು. ನನ್ನ ಬುದ್ಧಿಗೆ ನಾನೇ ಖುಷಿಯಾಗಿ ಮನೆಗೆ ಹೋಗಿ ಶಿರಾ ಮಾಡಿಕೊಂಡು ತಿಂದೆ.

ಮಶೀನಿನ ಮುಂದೆ ನಾವು ಒತ್ತುವಾಗ ಕಾಮಣ್ಣ ಪ್ರತಿಯೊಬ್ಬಳ ಹಿಂದೆ ನಿಂತು ಒಂದು, ಸೊನ್ನೆ, ಸೊನ್ನೆ, ಸೊನ್ನೆ ಎಂದು ಹೇಳಿಕೊಟ್ಟ. ಕಾರ್ಡು ಮನೆಯಲ್ಲಿದ್ದರೆ ಹುಡುಗರು ಆಡಿ ಕಳೆಯುತ್ತಾರೆ, ಗಂಡಂದಿರು ಒಯ್ದು ಕುಡಿಯುತ್ತಾರೆ, ನನ್ನ ಹತ್ತಿರ ಜೋಪಾನ ಇರಲಿ ಎಂದು ಒಂದು ಬಿಸ್ಕೀಟ್ ಡಬ್ಬಿಯಲ್ಲಿ ತುಂಬಿಕೊಂಡ. ಪಾಸ್‌ಬುಕ್ಕು ಮಾತ್ರ ನಮ್ಮ ಹತ್ತಿರ ಉಳಿದವು. ಡಬ್ಬಿಯಲ್ಲಿ ಅವು ಹಿಡಿಸಲಿಲ್ಲ. ಶನಿವಾರಕ್ಕೊಮ್ಮೆ ಅವನು ಡಬ್ಬಿ ಹೊತ್ತುಕೊಂಡು ಹೋಗಿ, ರೊಕ್ಕ ತಂದು, ತಲೆಗೆ ಇಪ್ಪತ್ತು ಮುರಿದುಕೊಂಡು ಹಂಚುತ್ತಿದ್ದ. ರೊಕ್ಕ ಮುಂಬೈಗೆ ಹೋಗಿ ಬರಬೇಕು, ಗಾಡಿ ಖರ್ಚು ಯಾರು ಕೊಡುತ್ತಾರೆ ಎನ್ನುತ್ತಿದ್ದ. ಸರಿಯೇ ಅಲ್ಲವೇ ಎಂದುಕೊಂಡೆವು.

ಹೀಗೇ ನಡೆದಿರುತ್ತಿತ್ತೇನೋ. ಆದರೆ ಸುಂದರಾ ಆಯಿಗೆ ಹಲ್ಲು ನೋವು ಬಂತು.

ಸೋಮವಾರ ಗಲ್ಲ ಉಬ್ಬಿತು. ಮಂಗಳವಾರ ಒಂದು ಕಣ್ಣು ಮುಚ್ಚಿತು. ಆದರೂ ಮರ ತೊಡೆಯ ಮೇಲೇ ಇತ್ತು. ನೋವು ತಾಳಲಾರದಾಗ ಸೆರಗಿನ ತುದಿ ಕಚ್ಚುತ್ತಿದ್ದಳು, ಬಿಟ್ಟು ಮತ್ತೆ ಸುತ್ತುತ್ತಿದ್ದಳು. ಹಲ್ಲಿನ ಡಾಕ್ಟರು ಕಿತ್ತು ಹಾಕಲು ಐನೂರು ಹೇಳಿದ್ದ. ಐನೂರೇನು, ಅದರ ಆರು ಪಟ್ಟು ಅವಳ ಖಾತೆಯಲ್ಲಿತ್ತು. ಕಾಮಣ್ಣನ ಕಟ್ಟೆಗೆ ಹೋಗಿ ಕಾರ್ಡು ಕೇಳಿದಳು. ನಾನೂ ಸಂಗಡ ಹೋಗಿದ್ದೆ.

"ಆಯಿ, ಇವತ್ತ ಮಂಗಳವಾರ. ನಿನ್ನ ರೊಕ್ಕ ಇನ್ನಾ ಮುಂಬೈದಾಗ ಐತಿ" ಎಂದ ಕಾಮಣ್ಣ, ಬಹಳ ಮರುಕದಿಂದ. "ಶನಿವಾರ ತನಕಾ ಲವಂಗ ಇಟ್ಕೋ."

ಆಯಿ ಮನೆಗೆ ಬಂದಳು. ಲವಂಗ ಇಟ್ಟುಕೊಂಡಳು. ಆ ಸಂಜೆ ಅವಳ ಸಾವಿರದಲ್ಲಿ ಮೂವತ್ತು ಬೀಡಿ ಕೆಟ್ಟಿವೆ ಎಂದು ಅವನು ತೆಗೆದ. ಹಲ್ಲು ನೋವಿನ ಬೀಡಿ ಬಿಗಿ ಇರುವುದಿಲ್ಲವಂತೆ. ಆ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಉರಿದು ಏನು ಮಾಡಿದೆ? ಮನೆಗೆ ಬಂದು ಸುಮ್ಮನೆ ಒಲೆ ಹಚ್ಚಿದೆ.

ಬುಧವಾರ ಮುಂಜಾನೆ ನೋಡಿದರೆ ಆಯಿ ರೊಟ್ಟಿ ಕಟ್ಟಿಕೊಂಡು, ಪಾಸ್‌ಬುಕ್ಕು ಬಗಲಲ್ಲಿ ಇಟ್ಟುಕೊಂಡು ನನ್ನ ಬಾಗಿಲಲ್ಲಿ ನಿಂತಿದ್ದಾಳೆ. ರೊಕ್ಕದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಕೇಳಿ, ಅಲ್ಲೇ ಕುಳಿತು ಕಾಯುತ್ತೇನೆ, ನನ್ನದಷ್ಟು ಮೊದಲು ಇಳಿಸಿಕೊಳ್ಳುತ್ತೇನೆ, ನಡಿ ಎಂದಳು. ಗಲ್ಲ ಉಬ್ಬಿದ್ದರಿಂದ ಅರ್ಧ ಮಾತು ತಿಳಿಯಲಿಲ್ಲ. ತಿಳಿದ ಅರ್ಧಕ್ಕೇ ನಾನು ಚಪ್ಪಲಿ ಮೆಟ್ಟಿಕೊಂಡೆ.

ಬ್ಯಾಂಕಿನ ಕೆಳಗೆ ರೊಕ್ಕದ ಮಶೀನಿದೆ. ಅದರ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮಲಿಕಸಾಬ ಚಾಚಾ ಕೂಡುತ್ತಾರೆ, ವಾಚಮನ್. ಬೆನ್ನ ಹಿಂದೆ ಲಕ್ಷಗಟ್ಟಲೆ ರೊಕ್ಕ, ಅವರ ಪಗಾರ ಮಾತ್ರ ಎರಡು ತಿಂಗಳು ತಡ. ಆಯಿ ಅವರನ್ನು ನೇರವಾಗಿ ಕೇಳಿದಳು.

"ಮುಂಬೈ ಗಾಡಿ ಎಷ್ಟಕ್ಕ ಬರ್ತೈತ್ರಿ?"

"ಯಾವ ಗಾಡಿ ಅಕ್ಕಾ?"

"ರೊಕ್ಕದ್ದ."

ಚಾಚಾ ನಗಲಿಲ್ಲ. ಮೊದಲು ಪೂರ್ತಿ ಕೇಳಿಕೊಂಡರು. ಕಾಮಣ್ಣ, ಡಬ್ಬಿ, ಇಪ್ಪತ್ತು ರೂಪಾಯಿ, ಲವಂಗ, ಎಲ್ಲ. ಆಮೇಲೆ ನಗಲು ಶುರು ಮಾಡಿದವರು ಕೆಮ್ಮು ಬರುವವರೆಗೆ ನಕ್ಕರು. ಆಯಿಯ ಕಣ್ಣಲ್ಲಿ ನೀರು ಕಂಡಾಗ ಎದ್ದು ತಮ್ಮ ಕುರ್ಚಿ ಅವಳಿಗೆ ಕೊಟ್ಟರು.

ಅವರು ಹೇಳಿದ್ದು ಇಷ್ಟು. ಮಶೀನಿನೊಳಗಿನ ರೊಕ್ಕ ಇಲ್ಲಿಯದೇ, ವ್ಯಾನಿನಲ್ಲಿ ತಂದು ತುಂಬುತ್ತಾರೆ. ಕಾರ್ಡು ಹಾಕಿದೊಡನೆ ಇದು ಯಾವ ಬ್ಯಾಂಕಿನ ಕಾರ್ಡು ಎಂದು ಮಶೀನು ನೋಡುತ್ತದೆ. ತನ್ನ ಬ್ಯಾಂಕಿನದಾದರೆ ಮನೆಯೊಳಗೇ ಕೇಳಿಕೊಳ್ಳುತ್ತದೆ. ಬೇರೆ ಬ್ಯಾಂಕಿನದಾದರೆ ನಡುವೆ ಒಂದು ದೊಡ್ಡ ಮನೆ ಇದೆ, ದೇಶದ ಬ್ಯಾಂಕುಗಳೆಲ್ಲ ಸೇರಿ ಮಾಡಿದ್ದು, ಅದನ್ನು ಕೇಳುತ್ತದೆ. ಆ ಮನೆ ನಿನ್ನ ಬ್ಯಾಂಕಿಗೆ ಕೇಳುತ್ತದೆ: ಸುಂದರಾ ಎಂಬ ಹೆಣ್ಣುಮಗಳು ಬಂದಿದ್ದಾಳೆ, ಅಂಕಿ ಸರಿ ಇದೆಯೇ, ಖಾತೆಯಲ್ಲಿ ರೊಕ್ಕ ಇದೆಯೇ? ನಿನ್ನ ಬ್ಯಾಂಕು ನಿನ್ನ ಖಾತೆಯಲ್ಲಿ ಅಷ್ಟು ಕಡಿಮೆ ಮಾಡಿ, ಹೂಂ, ಕೊಡು ಎನ್ನುತ್ತದೆ. ಆ ಹೂಂ ಬಂದ ದಾರಿಯಲ್ಲೇ ವಾಪಸು ಬರುತ್ತದೆ, ಮಶೀನು ನೋಟು ಎಣಿಸಿ ಕೊಡುತ್ತದೆ. ಇಷ್ಟಕ್ಕೂ ನೀನು ಒಂದು ಬೀಡಿ ಕಟ್ಟುವಷ್ಟು ಹೊತ್ತು ಸಾಕು. ಮಂಗಳವಾರ ಶನಿವಾರ ಅದಕ್ಕೆ ಗೊತ್ತಿಲ್ಲ. ತಿಂಗಳಿಗೆ ಕೆಲವು ಸಲ ಪುಕ್ಕಟೆ.

"ಮುಂಬೈ ಸುಳ್ಳಲ್ಲ ಅಕ್ಕಾ, ಆ ದೊಡ್ಡ ಮನಿ ಅಲ್ಲೇ ಐತಿ" ಎಂದರು ಚಾಚಾ. "ಆದ್ರ ಅಲ್ಲಿಗಿ ಹೋಗೂದು ಬರೇ ಸುದ್ದಿ. ರೊಕ್ಕ ಹೋಗಂಗಿಲ್ಲ."

ಆಯಿ ಗಲ್ಲ ಹಿಡಿದುಕೊಂಡೇ ಮುಂದೆ ಬಾಗಿದಳು. ಹಾಗಾದರೆ ಈ ಬ್ಯಾಂಕಿನ ರೊಕ್ಕ ಆ ಬ್ಯಾಂಕು ಕೊಟ್ಟರೆ ಅವರವರ ನಡುವೆ ಲೆಕ್ಕ ಹೇಗೆ ಎಂದು ಕೇಳಿದಳು. ಚಾಚಾ ಹೇಳಲು ಬಾಯಿ ತೆರೆಯುವುದರೊಳಗೆ ಅವಳೇ ಹೇಳಿಬಿಟ್ಟಳು.

"ನಮ್ಮ ಎಲಿ ಕೈಗಡ ಇದ್ದಂಗ ಹೌದಿಲ್ಲರಿ?"

ನಮ್ಮ ಗಲ್ಲಿಯ ಪದ್ಧತಿ ಅದು. ಹಗಲಲ್ಲಿ ಎಲೆ ಸಾಲದೆ ಹೋದರೆ ಪಕ್ಕದವಳ ಬುಟ್ಟಿಯಿಂದ ಒಂದು ಕಟ್ಟು ಎಳೆದುಕೊಳ್ಳುತ್ತೇವೆ. ಅವಳು ಇನ್ನೊಬ್ಬಳಿಂದ ಎಳೆದುಕೊಳ್ಳುತ್ತಾಳೆ. ಸಂಜೆ ಎಲ್ಲರೂ ಕೂತು, ನಿನ್ನದು ನನ್ನದು ಹೊಂದಿಸಿ, ಮಿಕ್ಕ ಒಂದೋ ಎರಡೋ ಕಟ್ಟು ಮಾತ್ರ ಕೈ ಬದಲಾಗುತ್ತದೆ. ಬ್ಯಾಂಕಿನವರೂ ಹಾಗೆಯೇ ಮಾಡುತ್ತಾರೆ ಎಂದರು ಚಾಚಾ. ದೇಶಕ್ಕೆಲ್ಲ ಒಂದೇ ಗಲ್ಲಿ ಎಂದುಕೋ ಎಂದರು. ಆಯಿಗೆ ಬಹಳ ಸಮಾಧಾನವಾಯಿತು. ಕಲಿತ ಮಂದಿ ನಮ್ಮಿಂದ ಕಲಿತಿರಬೇಕು ಎಂದಳು.

ಆಮೇಲೆ ಚಾಚಾ, ಕಾರ್ಡು ಅವನ ಹತ್ತಿರ ಇದ್ದರೂ ಅಂಕಿ ಗೊತ್ತಿಲ್ಲದಿದ್ದರೆ ಏನೂ ಮಾಡಲಾರ, ಅಂಕಿ ಯಾರಿಗೂ ಹೇಳಿಲ್ಲ ತಾನೇ ಎಂದು ಕೇಳಿದರು. ಆಯಿ ನನ್ನ ಮುಖ ನೋಡಿದಳು. ಹದಿನೆಂಟು ಜನರದೂ ಒಂದೇ ಅಂಕಿ, ಸಾವಿರ, ಈ ಓದಿದವಳು ಆರಿಸಿದ್ದು ಎಂದಳು. ಚಾಚಾ ಈ ಸಲ ನಗಲೂ ಇಲ್ಲ. ನನಗೆ ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಮೇಲೆ ಹೋದೆವು. ರಾಜಮತಿ ಮೇಡಂ ಪಾಸ್‌ಬುಕ್ಕು ನೋಡಿ ರೊಕ್ಕ ತೆಗೆಯುವ ಚೀಟಿ ಬರೆದುಕೊಟ್ಟರು. ಆಯಿ ಶಾಯಿಯ ಹೆಬ್ಬೆಟ್ಟು ಒತ್ತಿದಳು. ಕಾಗದದ ಮೇಲೆ ಗೆರೆಯಿಲ್ಲದ ಒಂದು ನೀಲಿ ಮಚ್ಚೆ. ಫೋಟೋ ಇದೆಯಲ್ಲ, ನಡೆಯುತ್ತದೆ ಎಂದು ಮೇಡಂ ನನ್ನ ಸಾಕ್ಷಿ ಸಹಿ ಹಾಕಿಸಿಕೊಂಡರು. ಕಾರ್ಡು ಎಲ್ಲಿ ಎಂದು ಕೇಳಿದರು. ಹೇಳಿದೆವು. ಅವರ ಮುಖ ಬಿಗಿಯಿತು. ಬಂದ್ ಮಾಡಲೇ, ಹೊಸದು ಇಲ್ಲೇ ಬರುತ್ತದೆ, ಎರಡು ವಾರ ಆದೀತು ಎಂದರು.

ನಾನು ಆಯಿಯ ಸೆರಗು ಜಗ್ಗಿದೆ. ಬಂದ್ ಮಾಡಿದರೆ ಶನಿವಾರ ಕಾಮಣ್ಣನಿಗೆ ಗೊತ್ತಾಗುತ್ತದೆ. ಗೊತ್ತಾದರೆ ಎಲೆ ಕೊಡುವುದಿಲ್ಲ. ಎಲೆ ಇಲ್ಲದಿದ್ದರೆ ಕೂಲಿ ಇಲ್ಲ, ಕೂಲಿ ಇಲ್ಲದ ಕಾರ್ಡು ತಗೊಂಡು ಏನು ನೆಕ್ಕುವುದೇ?

"ಮಾಡ್ರಿ" ಎಂದಳು ಆಯಿ.

ಅಲ್ಲಿಂದ ನೇರ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಕುರ್ಚಿಯಲ್ಲಿ ಬಾಯಿ ತೆರೆದಳು. ಕಿತ್ತ ಹಲ್ಲನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಬಂದಳು. ಐನೂರು ಕೊಟ್ಟಿದ್ದೇನೆ, ಬಿಟ್ಟು ಬರಲೇ ಎಂದಳು.

ಶನಿವಾರ ಸಂಜೆ ಕಾಮಣ್ಣನ ಕಟ್ಟೆಯಲ್ಲಿ ಎಲ್ಲರೂ ಸೇರಿದೆವು. ಅವನು ಹದಿನೇಳು ಜನರಿಗೆ ರೊಕ್ಕ ಕೊಟ್ಟ. ಆಮೇಲೆ ಆಯಿಯ ಕಡೆ ಮರುಕದ ಮುಖ ತಿರುಗಿಸಿದ.

"ಆಯಿ, ನಿನ್ನ ರೊಕ್ಕ ಈ ವಾರ ಬಂದಿಲ್ಲ. ಬಸ್ಸು ದಾರ್‍ಯಾಗ ಕೆಟ್ಟ ನಿಂತೈತಿ."

"ಕೆಟ್ಟಿಲ್ಲ ತಮ್ಮಾ" ಎಂದಳು ಆಯಿ. "ನಾನ ಇಳಿಸಿಕೊಂಡೇನಿ."

ಕಾಮಣ್ಣನ ಮುಖದ ಮೇಲಿನ ನಗು ಅಲ್ಲೇ ಇತ್ತು, ಕಣ್ಣು ಮಾತ್ರ ಬದಲಾದವು. ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಂದೂವರೆ ವರ್ಷದ ಟಿಕೇಟು ತೋರಿಸು ಎಂದಳು. ಯಾವ ಟಿಕೇಟು ಎಂದ. ನನ್ನ ರೊಕ್ಕ ಮುಂಬೈಗೆ ಹೋಗಿಬಂದಿದ್ದಕ್ಕೆ ಕಂಡಕ್ಟರು ಟಿಕೇಟು ಹರಿದು ಕೊಟ್ಟಿರಬೇಕಲ್ಲ, ಅದು ಎಂದಳು.

"ನಂದ ಹೆಣ್ಣಮಗಳ ರೊಕ್ಕ. ಕೊಗನೊಳ್ಳಿ ಗಡಿ ತನಕಾ ನಮ್ಮ ಸರಕಾರಿ ಗಾಡ್ಯಾಗ ಪುಕ್ಕಟ ಹೋಗ್ತೈತಿ. ಅಲ್ಲಿಂದ ಮುಂದ ಮಹಾರಾಷ್ಟ್ರದ ಗಾಡಿ, ಹೆಣ್ಣಮಕ್ಕಳಿಗಿ ಅರ್ಧಾ. ನೀ ಪೂರಾ ಟಿಕೇಟ ಯಾಕ ತಗೊಂಡಿ?"

ಆಯಿಯ ಎದುರುಮನೆಯ ಹಾಜಿರಾಬಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕ ಮೇಲೆ ಎಲ್ಲರೂ ನಕ್ಕೆವು. ಕಾಮಣ್ಣನ ಕಟ್ಟೆಯ ಮೇಲೆ ಕಾಮಣ್ಣನನ್ನು ನೋಡಿ ನಕ್ಕದ್ದು ಅದೇ ಮೊದಲು. ಅವನು ಬೆವೆತ. ಬೆವೆತ ಮೇಲೆ ಬೆಲ್ಲ ಕರಗಿತು.

"ನಾಳಿಂದ ಎಲಿ ಕೇಳಾಕ ಬರಬ್ಯಾಡ" ಎಂದ.

ನಗು ನಿಂತಿತು. ಆಯಿ ತನ್ನ ಹಳೆಯ ಕಾರ್ಡು ಕೇಳಿದಳು. ಬಂದ್ ಆದ ಕಾರ್ಡು ತಗೊಂಡು ಏನು ಮಾಡುತ್ತಿ ಎಂದ. ಎಲೆ ಕತ್ತರಿಸಲು ಅಳತೆ ಮಾಡಿಕೊಳ್ಳುತ್ತೇನೆ ಎಂದಳು. ಎಲೆ ಎಲ್ಲಿದೆ ನಿನಗೆ ಎಂದ. ಅವಳು ಖಾಲಿ ಬುಟ್ಟಿ ತಲೆಯ ಮೇಲೆ ಬೋರಲು ಹಾಕಿಕೊಂಡು ಮೆಟ್ಟಿಲಿಳಿದಳು. ನಾವು ಯಾರೂ ಏಳಲಿಲ್ಲ. ನಾನು ನನ್ನ ಎಲೆ ಚೀಲವನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕೂತಿದ್ದೆ. ಇದನ್ನು ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಆಯಿ ಬೈಯುತ್ತಾಳೆ.

ಮರುದಿನ ಆಯಿ ಬರಿ ಮರ ತೊಡೆಯ ಮೇಲೆ ಇಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು. ಐವತ್ತು ವರ್ಷದ ಚಟ, ಕೈ ಸುಮ್ಮನಿರುವುದಿಲ್ಲ. ಬೆರಳು ಗಾಳಿಯಲ್ಲೇ ಸುತ್ತುತ್ತಿದ್ದವು. ಹಾಜಿರಾಬಿ ತನ್ನ ಹೊಸ್ತಿಲಿಂದ ಅದನ್ನು ನೋಡಿದಳು. ಎದ್ದು ಬಂದು ಒಂದು ಕಟ್ಟು ಎಲೆ, ಒಂದು ಹಿಡಿ ತಂಬಾಕು ಅವಳ ಮರಕ್ಕೆ ಹಾಕಿದಳು.

"ಕೈಗಡ" ಎಂದಳು, ಮತ್ತೆ ಹೋಗಿ ಕೂತಳು.

ಆಮೇಲೆ ನಾನು ಹೋದೆ. ಆಮೇಲೆ ಉಳಿದ ಹದಿನೈದು ಜನ. ನಮ್ಮ ನಮ್ಮ ಸಾವಿರದಿಂದ ಐವತ್ತು ಅರವತ್ತು ಬೀಡಿ ಅವಳಿಗೆ ಬಿಟ್ಟೆವು. ಅವಳು ಕಟ್ಟಿದ್ದು ನಮ್ಮ ಹೆಸರಿನಲ್ಲಿ ಹೋಗುತ್ತಿತ್ತು, ನಮಗೆ ಬಂದ ಕೂಲಿಯಿಂದ ಅವಳ ಪಾಲು ಅವಳಿಗೆ ಬರುತ್ತಿತ್ತು. ಕಾಮಣ್ಣನ ಯಾದಿಯಲ್ಲಿ ಸುಂದರಾ ಎಂಬ ಹೆಸರಿರಲಿಲ್ಲ. ಅವಳ ಬೀಡಿ ಮಾತ್ರ ದಿನಾಲೂ ಅವನ ಬುಟ್ಟಿ ಸೇರುತ್ತಿದ್ದವು.

ಹನ್ನೆರಡನೇ ದಿನ ಸಿಕ್ಕಿಬಿದ್ದೆವು. ಕಾಮಣ್ಣ ನನ್ನ ಬುಟ್ಟಿಯಿಂದ ಒಂದು ಕಟ್ಟು ಎತ್ತಿ, ಒಂದು ಬೀಡಿ ಹಿರಿದು ಬೆಳಕಿಗೆ ಹಿಡಿದ. ದಾರದ ಗಂಟು ನೋಡಿದ. ಬಾಯಿ ಮಡಚಿದ್ದನ್ನು ಉಗುರಿನಿಂದ ಮುಟ್ಟಿದ. ಅವನಪ್ಪನ ಕಾಲದಿಂದ ಆ ಮನೆಗೆ ಬರುತ್ತಿದ್ದ ಬೀಡಿ ಅದು.

"ಇದು ಸುಂದರಾನ ಕೈ" ಎಂದ.

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಹನ್ನೆರಡು ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು ಹೊರಗೆ ಬಂದೇ ಬಿಟ್ಟಿತು.

"ಹೌದ್ರಿ, ಆಯೀದ. ಕಲ್ಲಿಗಿ ಉಜ್ಜಿದರೂ ನಿಮ್ಮ ಮಶೀನಿನ್ಯಾಗ ಸಿಗಲಿಲ್ಲ ಆಕಿ. ಈಗ ಹೆಂಗ ಸಿಕ್ಕಳ್ರಿ?"

ಅವನು ಕಟ್ಟನ್ನು ನೆಲಕ್ಕೆ ಎಸೆದ. ಎಲ್ಲರಿಗೂ ಎಲೆ ಬಂದ್ ಎಂದ. ನಾನು ನನ್ನ ಬುಟ್ಟಿ ಅವನ ಮುಂದಿನಿಂದ ಎಳೆದು ನನ್ನ ಮಡಿಲಲ್ಲಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತೆ. ಹಾಜಿರಾಬಿ ತನ್ನದನ್ನು ಎಳೆದುಕೊಂಡಳು. ಹದಿನೇಳು ಬುಟ್ಟಿ, ಹದಿನೇಳು ಮಡಿಲು. ಡಬ್ಬಿ ತರ್ರಿ ಎಂದೆವು. ಅಷ್ಟರಲ್ಲಿ ಕಂಪನಿಯ ಟೆಂಪೊ ಬಂದು ಗಲ್ಲಿಯ ಬಾಯಲ್ಲಿ ಹಾರ್ನು ಹೊಡೆಯಿತು. ಹದಿನೇಳು ಸಾವಿರ ಬೀಡಿ ಹೋಗಬೇಕಿತ್ತು. ಡ್ರೈವರು ಮತ್ತೆ ಹಾರ್ನು ಹೊಡೆದ. ಮೂರನೇ ಹಾರ್ನಿಗೆ ಕಾಮಣ್ಣ ಒಳಗೆ ಹೋದ.

ಡಬ್ಬಿಯಲ್ಲಿ ಹದಿನೆಂಟು ಕಾರ್ಡಿದ್ದವು. ಅವುಗಳ ಕೆಳಗೆ ಒಂದು ಚೀಟಿ. ನಾನೇ ಓದಿದೆ. ಹೆಸರುಗಳ ಯಾದಿ ಇರಬಹುದು ಎಂದುಕೊಂಡಿದ್ದೆ. ಯಾರ ಹೆಸರೂ ಇರಲಿಲ್ಲ. ಎಲ್ಲರದೂ ಸಾವಿರ ಎಂದು ಎರಡೇ ಶಬ್ದ ಬರೆದಿತ್ತು. ಹದಿನೆಂಟು ಹೆಂಗಸರನ್ನು ಅಷ್ಟರಲ್ಲಿ ಮುಗಿಸಿದ್ದ. ದಾರಿ ಮಾಡಿಕೊಟ್ಟವಳು ನಾನು.

ಮರುದಿನ ಆಯಿಗೂ ಎಲೆ ಬಂತು. ಇಪ್ಪತ್ತು ರೂಪಾಯಿಗಳು ಇನ್ನೂ ವಾಪಸು ಬಂದಿಲ್ಲ. ಕೇಳಿದಾಗೆಲ್ಲ ಬರುತ್ತವೆ ಎನ್ನುತ್ತಾನೆ. ಯಾವ ಬಸ್ಸಿಗೆ ಎಂದು ಹಾಜಿರಾಬಿ ಕೇಳುತ್ತಾಳೆ. ಕೇಳುವುದನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ರವಿವಾರ ಎಲ್ಲರೂ ಅಂಕಿ ಬದಲಿಸಲು ಹೋದೆವು. ಆಯಿಯ ಹೊಸ ಕಾರ್ಡು ಹಿಂದಿನ ದಿನ ಬ್ಯಾಂಕಿಗೆ ಬಂದಿತ್ತು, ಅಂದೇ ಹೋಗಿ ತಂದಿದ್ದೆವು. ಮಲಿಕಸಾಬ ಚಾಚಾ ನಮ್ಮನ್ನು ಪಾಳಿ ಹಚ್ಚಿ, ತಮ್ಮ ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿಕೊಂಡು, ಮಶೀನಿಗೆ ಬೆನ್ನು ಹಾಕಿ ಕೂತರು. ಒಬ್ಬೊಬ್ಬಳೇ ಒಳಗೆ ಹೋಗಬೇಕು, ಓದಿದವರ ಬುದ್ಧಿ ಕೇಳಬಾರದು ಎಂದರು. ಎಲ್ಲರೂ ನನ್ನನ್ನು ನೋಡಿ ನಕ್ಕರು. ನಗಲಿ.

ಕಡೆಗೆ ಆಯಿ ಹೋದಳು. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ತಾಳಲಾರದೆ ಬಾಗಿಲು ಸರಿಸಿ, ನಾನು ಒತ್ತಲೇ ಎಂದು ಕೇಳಿದೆ. ಆಯಿ ಎರಡೂ ಮೊಣಕೈ ಅಗಲಿಸಿ ಮಶೀನಿಗೆ ಅಡ್ಡ ನಿಂತಳು.

"ಹೊರಗ ನಿಂದರ."

ಹೊರಗೆ ನಿಂತೆ. ಅವಳ ಕಾರ್ಡು ತರಲು ಓಡಾಡಿದವಳು, ಸಾಕ್ಷಿ ಸಹಿ ಹಾಕಿದವಳು, ನಾನು. ನಿಜ ಹೇಳುತ್ತೇನೆ, ಸ್ವಲ್ಪ ಸಿಟ್ಟೂ ಬಂತು. ದಾರಿಯುದ್ದಕ್ಕೂ ಬಿಡದೆ ಕೇಳಿದೆ. ಮನೆ ನಂಬರೇ? ಮದುವೆಯಾದ ಇಸವಿಯೇ? ಮತ್ತೆ ಸಾವಿರವೇ? ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತ, ಗಾಡಿಗಳ ನಡುವೆ ನನಗಿಂತ ಮುಂದೆ ನಡೆಯುತ್ತಿದ್ದಳು. ಕಿತ್ತ ಹಲ್ಲಿನ ಜಾಗ ನಡುನಡುವೆ ಕಾಣುತ್ತಿತ್ತು.

"ನನಗರೆ ಹೇಳ ಆಯಿ. ನಾ ಯಾರಿಗೂ ಹೇಳಂಗಿಲ್ಲ."

ಆಯಿ ನಿಂತಳು. ಕಾರ್ಡು ಇಟ್ಟುಕೊಂಡ ಜಾಗವನ್ನು ರವಿಕೆಯ ಮೇಲಿನಿಂದಲೇ ಒಮ್ಮೆ ಮುಟ್ಟಿ ನೋಡಿಕೊಂಡಳು.

"ನಾನೂ ಹೇಳಂಗಿಲ್ಲ" ಎಂದಳು.